ಸೋಸಿಯಾಳ ಪಾಲಿನ ಜೇನುರೊಟ್ಟಿ

ದೇವರ ಗೂಡಿನ ಮುಂದೆ ಧೂಪದ ಹೊಗೆ ಏಳುತ್ತಿರುವುದನ್ನು ಕಂಡು ರೋಮಿನ ಚಕ್ರವರ್ತಿಯ ಹೆಂಡತಿ ವೆತೂರಿಯಾ ಬಾಗಿಲಲ್ಲೇ ನಿಂತಳು. ಹೂಮಾಲೆ, ಬಟ್ಟಲಲ್ಲಿ ದ್ರಾಕ್ಷಾರಸ, ಅಂಜೂರ, ಹಬೆಯಾಡುವ ಜೇನುರೊಟ್ಟಿ. ಮನೆಯೊಡತಿಯ ಹುಟ್ಟುಹಬ್ಬಕ್ಕೆ ಅವಳನ್ನು ಕಾಯುವ ಜೂನೋ ದೇವಿಗೆ ಇಡುವ ಎಡೆ ಅದು.

"ಮಿರ್ತಾಲೆ, ನನ್ನ ಹುಟ್ಟುಹಬ್ಬ ಚಳಿಗಾಲದಲ್ಲಲ್ವಾ?"

ಮುದಿ ದಾಸಿ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ನನ್ನ ಕೈ ಸೇದ್ಹೋಗ! ಅಂಜೂರ ಹಣ್ಣಾದ್ದು ನೋಡ್ದೆ ಅಮ್ಮಾವ್ರೇ, ಕೈ ತಾನಾಗೇ ಹಿಟ್ಟು ಕಲಸ್ತು. ಮೊದ್ಲೆಲ್ಲಾ ಇದೇ ದಿನ..."

ಹೆಸರು ಹೇಳಲಿಲ್ಲ. ಸೋಸಿಯಾಳ ಹೆಸರೆತ್ತಿದ ಆಳುಗಳ ಬೆನ್ನಿಗೆ ಚಾವಟಿ ಬೀಳುತ್ತಿತ್ತು. ಚಕ್ರವರ್ತಿಯ ಮೊದಲ ಹೆಂಡತಿ ಸೋಸಿಯಾ ಈಗ ಬರೀ ಬಂಡೆಗಳ ದ್ವೀಪವೊಂದರಲ್ಲಿ ಸೆರೆಯಾಳು. ಗಂಡ ಯಾವಾಗ ಸಾಯುತ್ತಾನೆಂದು ಅವಳು ಜೋಯಿಸನನ್ನು ಕೇಳಿದಳಂತೆ. ಹಾಗೆಂದು ಚಕ್ರವರ್ತಿಯ ಕಿವಿಯಲ್ಲಿ ಉಸುರಿದವಳು ವೆತೂರಿಯಾ. ನಿಜವಾಗಿ ಸೋಸಿಯಾ ಕೇಳಿದ್ದು, ತನಗೆ ಮಕ್ಕಳಾಗುತ್ತವೆಯೇ ಎಂದಷ್ಟೆ. ಆಗ ಅವಳ ಕೈ ಹಿಡಿದು ಪಕ್ಕದಲ್ಲಿ ಕೂತಿದ್ದ ಗೆಳತಿಯೂ ವೆತೂರಿಯಾಳೇ.

"ಬೇಗ ತೆಗಿ ಇದನ್ನ," ಎನ್ನುವಷ್ಟರಲ್ಲಿ ಚಕ್ರವರ್ತಿ ಒಳಗೆ ಬಂದ.

"ಏನೇ, ವಯಸ್ಸು ಮುಚ್ಚಿಡೋಕೆ ಕದ್ದು ಹುಟ್ಟುಹಬ್ಬ ಮಾಡ್ಕೋತಿದೀಯಾ?" ಎಂದು ನಕ್ಕ. ಆಮೇಲೆ ಅಂಜೂರ ಕಣ್ಣಿಗೆ ಬಿತ್ತು. ನಗು ನಿಂತಿತು. "ಯಾರು ಇಟ್ಟಿದ್ದು?"

ಮಿರ್ತಾಲೆ ಮೊಣಕಾಲೂರಿದಳು.

"ನಾನೇ ಇಡಿಸ್ದೆ." ವೆತೂರಿಯಾ ದಾಸಿಗೆ ಅಡ್ಡವಾಗಿ ನಿಂತಳು. "ಅಲ್ಲಿ ಅವಳಿಗೆ ಯಾರೂ ಇಡಲ್ಲ ಅಂತ..."

ಅವನ ಕಣ್ಣು ಒದ್ದೆಯಾಯಿತು. "ನನ್ನ ಸಾವು ಬಯಸಿದವಳಿಗೂ ಎಡೆ ಇಡ್ತೀಯಲ್ಲೇ! ಇಂಥ ಮನಸ್ಸು ನನಗಿಲ್ಲ ಕಣೇ. ಅವಳಿಗೋಸ್ಕರ ಏನಾದ್ರೂ ಕೇಳು. ಏನೇ ಆಗಲಿ, ಇವತ್ತು ಇಲ್ಲ ಅನ್ನಲ್ಲ."

ಅವಳನ್ನು ವಾಪಸು ಕರೆಸಿ. ಮಾತು ಗಂಟಲವರೆಗೆ ಬಂತು. ಆದರೆ ಸೋಸಿಯಾ ಈ ಮನೆಗೆ ಬಂದರೆ ಮೊದಲು ಏನು ಹೇಳುತ್ತಾಳೆಂದು ವೆತೂರಿಯಾಳಿಗೆ ಗೊತ್ತಿತ್ತು. ಮಿರ್ತಾಲೆ ತಲೆಯೆತ್ತಿ ಅವಳ ಬಾಯನ್ನೇ ನೋಡುತ್ತಿದ್ದಳು.

"ಒಂದು ಕಂಬಳಿ ಕಳಿಸಿ," ಎಂದಳು. "ಅಲ್ಲಿ ಗಾಳಿ ಜಾಸ್ತಿಯಂತೆ."

"ಅಷ್ಟೇನಾ?"

"ಅಷ್ಟೇ."

ಚಕ್ರವರ್ತಿ ಅವಳ ಹಣೆಗೆ ಮುತ್ತಿಟ್ಟು ಹೋದ. ಮಿರ್ತಾಲೆ ಮೆಲ್ಲಗೆ ಎದ್ದು, ರೊಟ್ಟಿ ಮುರಿದು, ಹುಟ್ಟುಹಬ್ಬದವಳಿಗೆ ಸಲ್ಲುವ ಪಾಲನ್ನು ಮುಂದೆ ಹಿಡಿದಳು.

"ತಗೊಳ್ಳಿ ಅಮ್ಮಾವ್ರೇ. ಅವರಿಗೆ ಬಿಸಿ ಇರುವಾಗ್ಲೇ ಇಷ್ಟ."

ವೆತೂರಿಯಾ ಬಾಯಿಗಿಟ್ಟುಕೊಂಡಳು. ಎಷ್ಟು ಅಗಿದರೂ ಇಳಿಯಲಿಲ್ಲ.