ಫ್ಯಾಕ್ಸಿಗೆ ಕೆಂಪು ಗೊತ್ತಿಲ್ಲ

ನೀಲಿ ಚೌಕಟ್ಟು ಮತ್ತೆ ಜಾರಿತು, ಕಾಗದ ಬಿಟ್ಟು ಚಾಪೆಯ ಅಂಚು ಹಿಡಿಯಿತು, ಅದಲ್ಲ ಮಾರಾಯ, ಕಾಗದ, ಕಾಗದ ಹಿಡಿ, ಈ ಮೊಬೈಲಿಗೆ ನಾಲ್ಕು ಮೂಲೆ ಕಂಡದ್ದೆಲ್ಲ ಕಾಗದವೇ — ಈಗ ಅದು ಕಟ್ಟಿ ಹಿಡಿದಿರುವುದು ಬೆಳಿಗ್ಗೆ ರೊಕುರೊ ಬಿದ್ದಿದ್ದ ಚಾಪೆಯನ್ನು, ಒರೆಸಿದ್ದೇನೆ, ಬಿಸಿನೀರಲ್ಲೂ ಒರೆಸಿದ್ದೇನೆ, ಜೊಂಡಿನ ಸಂದಿಗೆ ಇಳಿದ ರಕ್ತ ಬರುವುದಿಲ್ಲ, ಅದರ ಸುತ್ತ ನೀಟಾಗಿ ನೀಲಿ ಗೆರೆ ಎಳೆದು ಕೇಳುತ್ತಿದೆ, ದಾಖಲೆ ಸಿಕ್ಕಿದೆ, ಸ್ಕ್ಯಾನ್ ಮಾಡಲೇ? ಬೇಡ. ದಯವಿಟ್ಟು ಕೈ ಅಲುಗಾಡಿಸಬೇಡಿ. ಅಲುಗದೆ ಏನು ಮಾಡೀತು, ಲೋಕದ ಜನರೆಲ್ಲ ಮೊಬೈಲಿನ ಬುಡಕ್ಕೆ ಕಿರುಬೆರಳು ಕೊಟ್ಟು ಹಿಡಿಯುತ್ತಾರೆ, ಬಸ್ಸಿನಲ್ಲಿ ನೋಡಿದ್ದೇನೆ, ಅಜ್ಜಿಯರೂ ಹಾಗೇ ಹಿಡಿಯುತ್ತಾರೆ, ನನ್ನ ಎಡಗೈಯಲ್ಲಿ ಆ ಬೆರಳಿಲ್ಲ, ಇರುವ ಮೋಟಿನ ಮೇಲಿಂದ ಈ ದರಿದ್ರ ವಸ್ತು ಜಾರುತ್ತಲೇ ಇರುತ್ತದೆ, ಬಲಗೈಯಲ್ಲಿ ಹಿಡಿಯೋಣವೆಂದರೆ ಬೆಳಿಗ್ಗೆ ಮರದ ಕತ್ತಿ ಬೀಸಿ ಬೀಸಿ ಮಣಿಕಟ್ಟು ಊದಿದೆ. ಲೇ ಶಿಗೆ, ಎಷ್ಟೊತ್ತೋ ನಿಂದು, ಒಂದು ಕಾಗ್ದ ಕಳ್ಸೋಕೆ ಮುಹೂರ್ತ ನೋಡ್ತಿದ್ಯಾ, ಎನ್ನುತ್ತಾನೆ ಹಿಂದಿನಿಂದ ಅಪ್ಪ. ಆಯ್ತಪ್ಪಾ, ಆಯ್ತು. ಹೆತ್ತ ಅಪ್ಪನಲ್ಲ, ಒಂದೇ ಬಟ್ಟಲಿನ ಅಕ್ಕಿಹೆಂಡ, ಸಾಕೆ, ಕುಡಿಸಿ ನಮ್ಮನ್ನೆಲ್ಲ ಮಕ್ಕಳು ಮಾಡಿಕೊಂಡ ಒನೊಡೆರಾ ಅಪ್ಪ, ತೊಗಲಿನ ಕುರ್ಚಿಯಲ್ಲಿ ಕೂತಿದ್ದಾನೆ, ಮೊಣಕಾಲುಗಳ ನಡುವೆ ಗಾಲ್ಫ್ ಕೋಲು, ಅದರ ತಲೆಯನ್ನು ನನ್ನ ಕರವಸ್ತ್ರದಲ್ಲೇ ಒರೆಸಿ ಕರವಸ್ತ್ರವನ್ನು ನನಗೇ ವಾಪಸು ಕೊಟ್ಟಿದ್ದಾನೆ, ಅದು ಜೇಬಿನಲ್ಲಿ ಇನ್ನೂ ಒದ್ದೆಯಾಗಿದೆ.

ಫ್ಯಾಕ್ಸ್ ಯಂತ್ರ ಮೂಲೆಯಲ್ಲಿ ಸತ್ತು ಕೂತಿದೆ, ಮೇಲೆ ಅಪ್ಪನ ಬಿಪಿ ಮಾತ್ರೆಗಳು, ರಿಪೇರಿಗೆ ಯಾರೂ ಬರುವುದಿಲ್ಲ, ಹೊಸದು ತರಲು ಹೋದರೆ ಅಂಗಡಿಯವನು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಕ್ಷಮಿಸಿ ಸಾರ್, ಗ್ಯಾಂಗಿನೋರಿಗೆ ಮಾರೋ ಹಾಗಿಲ್ಲ, ಕಾನೂನು, ಅಂದ, ಹಿಂದಿನ ಕಾಲವಾಗಿದ್ದರೆ ಅದೇ ಯಂತ್ರ ಎತ್ತಿ ಅವನ ನೆತ್ತಿಗೆ ಹಾಕುತ್ತಿದ್ದೆ, ಈಗ ನಾನೂ ಸೊಂಟ ಬಗ್ಗಿಸಿ ಬಂದೆ. ಮೊಬೈಲೂ ನಮ್ಮ ಹೆಸರಲ್ಲಿ ಸಿಗುವುದಿಲ್ಲ, ಇದು ನನ್ನ ಅತ್ತೆಯದು, ತೆರೆದರೆ ಬೆಕ್ಕಿನ ಚಿತ್ರ, ಅಕ್ಷರಗಳು ಅವಳ ಕಣ್ಣಿಗೆ ತಕ್ಕಂತೆ ಮೂಲಂಗಿ ಗಾತ್ರ, ಕಾಗದದ ಫೋಟೋ ಹಿಡಿದು ಯಾವ ಊರಿನ ಫ್ಯಾಕ್ಸಿಗೆ ಬೇಕಾದರೂ ಕಳಿಸುವ ಆ್ಯಪ್ ಹಾಕಿಕೊಟ್ಟವಳೂ ಅವಳೇ, ನಿಂಗೆ ಇಷ್ಟೂ ಬರಲ್ವಲ್ಲೋ ಅಳಿಯಾ, ರೌಡಿ ಅಂತೆ ರೌಡಿ, ಎಂದು ನಕ್ಕಿದ್ದಳು. ಈ ಕರಾವಳಿಯ ಮುದುಕ ಯಜಮಾನರಿಗೆ ಫ್ಯಾಕ್ಸೇ ಆಗಬೇಕು, ಕಾಗದ ಕಿರ್ರೆಂದು ಹೊರಗೆ ಬರಬೇಕು, ಬಿಸಿಯಿರಬೇಕು, ಇಲ್ಲದಿದ್ದರೆ ಅದು ಅವರಿಗೆ ಸುದ್ದಿಯೇ ಅಲ್ಲ. ಮೊದಲು ಹೊರಹಾಕುವ ಕಾಗದಗಳನ್ನು ಮಾತ್ರ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸುತ್ತಿದ್ದೆವು, ಈಗ ಪ್ರೆಸ್ಸಿನವನೂ ಕೈಮುಗಿದುಬಿಟ್ಟ, ಅದಕ್ಕೇ ಅಪ್ಪ ತಾನೇ ಕೂತು ಕುಂಚದಲ್ಲಿ ಬರೆದ — ರೊಕುರೊ ಎಂಬವನನ್ನು ಮನೆಯಿಂದ ಹೊರಹಾಕಿದ್ದೇವೆ, ಯಾವ ಮನೆಯವರೂ ಅವನಿಗೆ ಅನ್ನ, ನೆರಳು, ಮಾತು ಕೊಡಬಾರದು — ಕೆಂಪು ಶಾಯಿಯಲ್ಲಿ. ನಮ್ಮವರು ಮೊದಲು ಬಣ್ಣ ಓದುತ್ತಾರೆ, ಆಮೇಲೆ ಅಕ್ಷರ. ಕಪ್ಪಿನಲ್ಲಿ ಬರೆದರೆ ಅಪ್ಪನಿಗೆ ಮುನಿಸು, ನಾಳೆ ಕರೆದಾನು, ಅವನ ಮಗನನ್ನು ಯಾರೂ ಮುಟ್ಟುವುದಿಲ್ಲ. ಕೆಂಪಾದರೆ ಮುಗಿಯಿತು, ಅವನು ಯಾರ ಮಗನೂ ಅಲ್ಲ, ಹಳೆಯ ಸೇಡು ಇದ್ದವರು ಯಾರ ಅಪ್ಪಣೆಯನ್ನೂ ಕೇಳದೆ ತೀರಿಸಿಕೊಳ್ಳಬಹುದು.

ಚೌಕಟ್ಟು ಕಾಗದಕ್ಕೆ ಬಂತು, ನಿಂತಿತು, ಮತ್ತೆ ನಡುಗಿತು — ಉಸಿರು ಬಿಗಿಹಿಡಿ, ಮೊಣಕೈ ಮೇಜಿಗೆ ಊರು, ಊರಿದರೆ ನೋವು, ನೀನೇ ಹೊಡಿಯೋ ಅಂದಿದ್ದ ಅಪ್ಪ, ಅವನನ್ನ ಈ ಮನೆಗೆ ಕರ್ಕೊಂಡು ಬಂದೋನು ನೀನೇ ತಾನೆ, ನೀನೇ ಹೊಡಿ. ಮೊದಲ ಏಟು ಹೆಗಲಿಗೆ ಹಾಕಿದೆ, ಬೆಣ್ಣೆ ಸವರ್ತಿದ್ಯೇನೋ ಅಂದ, ಎರಡನೆಯದು ಪಕ್ಕೆಗೆ, ಹಸಿ ಬಿದಿರು ಮುರಿದಂಥ ಸದ್ದು, ರೊಕುರೊ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ತುಟಿ ಅಲುಗಿಸುತ್ತಿದ್ದ, ನನಗೆ ಗೊತ್ತು ಏನೆಂದು, ಬಂಗುಡೆ, ಬೂತಾಯಿ, ಕೊಕ್ಕರ, ಸಿಗಡಿ, ಮೀನು ಹರಾಜಿನಲ್ಲಿ ಕೂಗುತ್ತಿದ್ದ ಕಾಲದ ಅಭ್ಯಾಸ, ಪೆಟ್ಟು ತಿನ್ನೋವಾಗ ಮೀನಿನ ಹೆಸ್ರು ಹೇಳ್ಕೋ ಅಣ್ಣಾ, ನೋವಿಗೆ ದಾರಿ ತಪ್ತದೆ ಎಂದು ಜೈಲಿನಲ್ಲಿ ನನಗೂ ಕಲಿಸಿದ್ದ, ನಾನು ಹೊಡೆಯುತ್ತ ಹೊಡೆಯುತ್ತ ಅವನ ಜೊತೆ ಹೇಳಿಕೊಳ್ಳತೊಡಗಿದೆ, ಬಂಗುಡೆ, ಬೂತಾಯಿ, ಮರದ ಕತ್ತಿ ಏಳುತ್ತದೆ, ಕೊಕ್ಕರ, ಇಳಿಯುತ್ತದೆ. ಬಾಯಿಗೆ ಒದೆ ಎಂದ ಅಪ್ಪ, ಅದೇ ಬಾಯಲ್ಲಿ ತಾನೆ ಪೊಲೀಸರ ಹತ್ರ ಮಾತಾಡಿದ್ದು, ಒದ್ದೆ, ಹಲ್ಲೊಂದು ಹಾರಿ ಸತ್ತ ಫ್ಯಾಕ್ಸ್ ಯಂತ್ರದ ಕೆಳಗೆ ಹೋಯಿತು, ಅಲ್ಲೇ ಇದೆ, ಬಗ್ಗಿ ತೆಗೆಯಲು ನನ್ನಿಂದಾಗಲಿಲ್ಲ. ಆಮೇಲೆ ಅಪ್ಪ ತಾನೇ ಎದ್ದು ಗಾಲ್ಫ್ ಕೋಲನ್ನು ಅವನ ತೊಡೆಯ ಮೇಲೆ ಬೀಸಿದ, ಬೀಸುವ ಮೊದಲು ಚೆಂಡಿಗೆ ಗುರಿಯಿಡುವ ಹಾಗೆ ಕಾಲು ಸರಿಮಾಡಿಕೊಂಡ. ರೊಕುರೊ ಮಾಡಿದ ತಪ್ಪೇನು, ಪೊಲೀಸರ ಬಳಿ ಹೋಗಿ ಯಾರ ಹೆಸರನ್ನೂ ಹೇಳಲಿಲ್ಲ, ನಾನು ಈ ಬಾಳು ಬಿಡುತ್ತೇನೆ ಎಂದು ಬರೆದುಕೊಟ್ಟು ಬಂದ, ಅಷ್ಟೇ. ಅವನ ಮಗಳು ಚಿನಾತ್ಸು ಹೇಳಿದ್ದಳಂತೆ, ನೀನು ಅಲ್ಲಿಂದ ಪೂರ್ತಿ ಹೊರಗೆ ಬಂದ ದಿನ ಬಾ ಅಪ್ಪಾ, ಮಗುನ ಎತ್ಕೊಳ್ಳೋಕೆ ಕೊಡ್ತೀನಿ, ಅರ್ಧಂಬರ್ಧ ಬಂದ್ರೆ ಬಾಗ್ಲು ತೆಗೆಯಲ್ಲ. ಹೊಡೆದಾದ ಮೇಲೆ ಬಚ್ಚಲಿನಲ್ಲಿ ಅವನ ಮುಖ ತೊಳೆಸಿದೆ, ಬಿಳಿ ಟವೆಲ್ ಕೊಟ್ಟೆ, ಬಾಯಿಗೆ ಒತ್ತಿಕೊಂಡ, ಬಿಳಿಯ ನಡುವೆ ಕೆಂಪು ಮಚ್ಚೆಯೊಂದು ಎದ್ದು ಅಗಲವಾಗುತ್ತ ಹೋಯಿತು, ನಾನು ಅದನ್ನೇ ನೋಡುತ್ತಿದ್ದೆ, ಅವನ ಮುಖ ನೋಡಲಾಗಲಿಲ್ಲ. ಟವೆಲ್ಲಿನೊಳಗಿಂದ ಹೇಳಿದ, ಅಣ್ಣಾ, ಕೆಂಪೇ ಹೋಗ್ಲಿ, ಕರಿ ಕಾಗ್ದ ಕಳಿಸಿ ಉಪಕಾರ ಮಾಡ್ಬೇಡ. ಹುಚ್ಚಾ, ಕೆಂಪಾದ್ರೆ ಹತಾಡಾ ಕೊಲ್ತಾನೆ ಅಂದೆ. ಹೊಡಿಲಿ, ಅಂದ, ಅದು ಒಂದು ದಿನದ್ದು, ಕಪ್ಪಾದ್ರೆ ಸಾಯೋ ತನಕ ನಾನು ಇವನ ಮಗನೇ.

ಹತಾಡಾ ಜಲಸಂಧಿಯ ಆಚೆ ದಡದ ಯಜಮಾನ, ಮೋಜಿಯ ಹಡಗುಕಟ್ಟೆಯೆಲ್ಲ ಅವನದು, ಚಿನಾತ್ಸುವಿನ ಮನೆಯೂ ಆ ಕಟ್ಟೆಯ ಮೇಲಿನ ಗುಡ್ಡದಲ್ಲೇ, ಎಂಥ ಕರ್ಮ. ಮೀನು ಹರಾಜಿನಲ್ಲಿ ರೊಕುರೊ ಅವನ ತಮ್ಮನ ದವಡೆ ಮುರಿದಿದ್ದ, ಇವತ್ತಿಗೂ ಆ ತಮ್ಮ ಗಂಜಿ ಹೀರುತ್ತಾನಂತೆ, ಅದರ ತಪ್ಪುಕಾಣಿಕೆಯಾಗಿ ಅವನ ಪರವಾಗಿ ನಾನು ಕೊಟ್ಟದ್ದು ಈ ಬೆರಳು, ಇದೇ ಮೇಜು, ಉಳಿ ಇಟ್ಟು ಮೇಲೆ ಮೈಯ ಭಾರ ಹಾಕಿದೆ, ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ, ಹತಾಡಾ ಬಿಚ್ಚಿ ನೋಡಿ, ಚಿಕ್ಕದಾಯ್ತಲ್ಲ ಅಂದ, ಇರ್ಲಿ, ಒನೊಡೆರಾ ಮಗನಾಗಿರೋ ತನಕ ಅವನನ್ನ ಮುಟ್ಟಲ್ಲ, ಆಮೇಲಿನ ಮಾತು ಆಮೇಲೆ. ಅವನಂದ ಆಮೇಲೆಯೇ ಇವತ್ತು. ಆಗ ಸಿಕ್ಕಿತು, ಟಕ್ಕೆಂದಿತು, ನೀಲಿ ಚೌಕಟ್ಟು ನಾಲ್ಕೂ ಮೂಲೆ ಕಚ್ಚಿ ಹಿಡಿಯಿತು, ಕಾಗದ ಪರದೆಯ ಮೇಲೆ ನೆಟ್ಟಗಾಯಿತು, ಡೊಂಕು ತಿದ್ದಿಕೊಂಡಿತು, ನೆರಳು ಅಳಿಸಿಕೊಂಡಿತು, ಫ್ಯಾಕ್ಸಿಗೆ ಸಿದ್ಧಪಡಿಸಲಾಗುತ್ತಿದೆ ಎಂದು ಮೂಲಂಗಿ ಅಕ್ಷರಗಳು ಹೇಳಿದವು — ಹೇಳುತ್ತಿದ್ದಂತೆ ಕೆಂಪು ಕಪ್ಪಾಯಿತು. ಮೇಜಿನ ಮೇಲೆ ಕೆಂಪು. ಪರದೆಯ ಮೇಲೆ ಅಚ್ಚ ಕಪ್ಪು. ಕಾಗದ ನೋಡಿದೆ, ಪರದೆ ನೋಡಿದೆ, ಅಯ್ಯೋ ದೇವರೇ, ಫ್ಯಾಕ್ಸಿಗೆ ಕೆಂಪು ಗೊತ್ತೇ ಇಲ್ಲ, ಇಷ್ಟು ವರ್ಷ ಅಂಚೆಯಲ್ಲಿ ಅಚ್ಚಿನ ಕಾಗದ ಕಳಿಸಿದ ಅಪ್ಪನಿಗೂ ಇದು ಹೊಳೆದಿಲ್ಲ. ಹೇಳಬೇಕು. ಪರದೆಯನ್ನು ಅಪ್ಪನಿಂದ ಮರೆಗೆ ತಿರುಗಿಸಿಕೊಂಡೆ. ಕನ್ನಡಕ ಕೊಡೋ, ತೋರ್ಸು, ಎಂದುಬಿಟ್ಟರೆ ಅಪ್ಪ? ಅನ್ನಲಿಲ್ಲ, ಗಾಲ್ಫ್ ಕೋಲಿನಿಂದ ಬೆನ್ನು ಕೆರೆದುಕೊಂಡು ಆಕಳಿಸಿದ. ಒತ್ತಿದೆ. ಊರೂರಿನ ಒಂದೊಂದೇ ಮನೆಗೆ ಹೋಯಿತು, ಹಾಗಿಗೆ, ನಾಗಾತೊಗೆ, ಉಬೆಗೆ, ಕೊನೆಗೆ ಮೋಜಿಗೆ, ನಿಮ್ಮ ದಾಖಲೆ ಸುರಕ್ಷಿತವಾಗಿ ತಲುಪಿದೆ, ಜೊತೆಗೆ ಬೆಕ್ಕೊಂದು ಕುಣಿಯಿತು, ನನಗೂ ಕುಣಿಯಬೇಕೆನಿಸಿತು, ಬದುಕಿದ, ನನ್ನ ತಮ್ಮ ಬದುಕಿದ, ಯಾರೂ ಮುಟ್ಟುವುದಿಲ್ಲ, ಅಪ್ಪನ ಸಿಟ್ಟು ಇಳಿದ ಮೇಲೆ ವಾಪಸು ಬರುತ್ತಾನೆ, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಅಣ್ಣಾ ಎಂದು ಕೂಗುತ್ತಾನೆ, ಒಟ್ಟಿಗೆ ಕೂತು ಬಿಸಿ ಸಾಕೆ ಕುಡಿಯುತ್ತೇವೆ — ವಾಪಸು. ಅಂದರೆ ನನಗೆ ಬೇಕಾಗಿದ್ದದ್ದು ಅದೇ. ಅವನು ಹಲ್ಲು ಉದುರಿದ ಬಾಯಲ್ಲಿ ಕೇಳಿದ್ದು ಬೇರೆ.

ಕಿಟಕಿಯ ಕೆಳಗೆ ಲಾಂಚ್ ಹಗ್ಗ ಬಿಚ್ಚುತ್ತಿದೆ, ನಡುಹಗಲ ಬಿಸಿಲು ಜಲಸಂಧಿಯ ಮೇಲೆ ಬಿದ್ದು ಕಣ್ಣು ಚುಚ್ಚುತ್ತಿದೆ, ಲಾಂಚಿನ ಮೇಲಟ್ಟದ ಹಿಂದಿನ ಬೆಂಚಿನಲ್ಲಿ ರೊಕುರೊ, ಒಂದು ಕಾಲು ಚಾಚಿ ಕೂತಿದ್ದಾನೆ, ಬಾಯಿಗೆ ಟವೆಲ್, ಹೋಗುತ್ತಿದ್ದಾನೆ, ಅಲ್ಲಿಗೇ, ಮಗಳ ಮನೆಗೆ, ಪೂರ್ತಿ ಹೊರಗೆ ಬಂದೆನೆಂಬ ಸುದ್ದಿ ಅವಳಿಗೆ ಕೊಡಲು. ಮೊಬೈಲು ನಡುಗಿತು, ಮೋಟಿನ ಮೇಲಿಂದ ಜಾರಿತು, ಹಿಡಿದೆ, ಕಿವಿಗಿಟ್ಟೆ, ಹತಾಡಾ. ಏನಯ್ಯಾ ಒಂಬತ್ತು ಬೆರಳಿನ ಧಣಿ, ಕಾಗ್ದ ಬಂತು, ಕಪ್ಪಗಿದೆಯಲ್ಲ, ನಿಮ್ಮಪ್ಪನಿಗೆ ವಯಸ್ಸಾಯ್ತಾ, ಇಷ್ಟಕ್ಕೇ ಬಿಟ್ಟನಾ? ಇಲ್ಲಾ ಫ್ಯಾಕ್ಸಿನ ಕಿತಾಪತಿಯಾ? ಬಾಯಿಬಿಟ್ಟು ಹೇಳಿಬಿಡು, ಕಪ್ಪಾ, ಕೆಂಪಾ? ಮುದುಕ ಬುದ್ಧಿವಂತ, ಹಾಳಾಗಿಹೋಗಲಿ ಅವನ ಬುದ್ಧಿ. ಯಾರೋ ಅದು, ಎನ್ನುತ್ತಾನೆ ಅಪ್ಪ, ಕುರ್ಚಿ ಕಿರುಗುಟ್ಟಿತು, ಎದ್ದ, ಗಾಲ್ಫ್ ಕೋಲಿನ ತಲೆ ಚಾಪೆಯ ಮೇಲೆ ಎಳೆದುಕೊಂಡು ಬರುತ್ತಿದೆ, ಜರಜರ, ಜರಜರ, ನನ್ನ ಬೆನ್ನಿನ ಹತ್ತಿರ ನಿಂತಿತು. ಹತಾಡಾನಪ್ಪಾ, ಬಣ್ಣ ಕೇಳ್ತಿದ್ದಾನೆ. ಬಣ್ಣ ಕೇಳೋದೇನಿದೆ, ಹೇಳು. ಕಪ್ಪು ಅಂದರೆ ಈ ಕೋಲು ನನ್ನ ತಲೆಗೆ, ಆಮೇಲೆ ಅಪ್ಪನೇ ಮೊಬೈಲು ಕಿತ್ತುಕೊಂಡು ಕೆಂಪು ಅನ್ನುತ್ತಾನೆ, ಆದರೂ ಅಷ್ಟು ಹೊತ್ತಿಗೆ ಲಾಂಚ್ ದಡ ಮುಟ್ಟಿರುತ್ತದೆ, ಅವನು ಗುಡ್ಡ ಹತ್ತಿರುತ್ತಾನೆ, ನನ್ನ ತಲೆ ಒಡೆಯುವಷ್ಟು ಹೊತ್ತು ಅವನಿಗೆ ಸಿಗುತ್ತದೆ, ಕೊಡಬಹುದು, ಬೆರಳು ಕೊಟ್ಟವನು ತಲೆ ಕೊಡಲಾರೆನೇ — ಅಣ್ಣಾ, ಕೆಂಪೇ ಹೋಗ್ಲಿ — ಬಂಗುಡೆ, ಬೂತಾಯಿ, ಕೊಕ್ಕರ — ಕೆಂಪು, ಎಂದೆ. ನನ್ನದೇ ದನಿ. ಅವನ ಮಾತಿಗೆ ಅಂದೆನೋ, ಬೆನ್ನ ಹಿಂದಿನ ಕೋಲಿಗೆ ಅಂದೆನೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಹಾಗೆ ಹೇಳು ಮತ್ತೆ, ಎಂದ ಹತಾಡಾ, ಮೊಬೈಲಿನಿಂದ ಬಾಯಿ ತಿರುಗಿಸಿ ಕೂಗಿದ, ಏಯ್, ಕಟ್ಟೆಗೆ ಹೋಗ್ರೋ, ಮಗಳ ಮನೆಗೇ ಬರ್ತಾನೆ. ಕುರ್ಚಿಗಳು ಸರಿದ ಸದ್ದು, ಮೆಟ್ಟಿಲು ಇಳಿಯುವ ಬೂಟುಗಳು, ಅಪ್ಪನ ಕೈ ನನ್ನ ಹೆಗಲ ಮೇಲೆ ಬಿದ್ದು ಪ್ರೀತಿಯಿಂದ ಎರಡು ಸಲ ತಟ್ಟಿತು, ಲಾಂಚ್ ಅರ್ಧ ನೀರು ದಾಟಿತು, ಅವನು ಈ ಕಡೆ ತಿರುಗಿದ, ನನ್ನ ಕಿಟಕಿಯ ಕಡೆಗೆ, ಬಾಯಿಯಿಂದ ಟವೆಲ್ ತೆಗೆದು ಮೇಲೆತ್ತಿ ಬೀಸುತ್ತಿದ್ದಾನೆ, ಬಿಳಿ ಟವೆಲ್, ನಡುವೆ ಒಂದು ಮಚ್ಚೆ, ಕೆಂಪು ಅದು, ನಾನೇ ಮಾಡಿದ್ದು, ಇಷ್ಟು ದೂರಕ್ಕೆ ಕಪ್ಪಾಗಿ ಕಾಣುತ್ತದೆ, ಕಪ್ಪಾಗಿ, ಬಿಳಿ ಟವೆಲ್ ಮೇಲೆ, ಬಿಳಿ ಟವೆಲ್, ಕಪ್ಪು ಮಚ್ಚೆ —