ಹುಲಿಗಿಗೆಂದು ಹೊರಟವರು

ತಾವು ಮಾಡುತ್ತಿರುವುದು ದೇವಿಗೆ ದ್ರೋಹವೋ, ಪಕ್ಕದ ಮನೆಯ ಹೊಳಿಯಮ್ಮತ್ತೆಗೆ ಮೋಸವೋ? ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದ ಅಮೃತಾಳಿಗೆ ಎರಡರಲ್ಲಿ ಯಾವುದು ದೊಡ್ಡ ಪಾಪ ಎಂಬುದೇ ಬಗೆಹರಿಯಲಿಲ್ಲ.

ಬಿ.ಎ. ಮುಗಿಸಿದ ವರ್ಷ ಅವಳು ಹಾಸಿಗೆ ಹಿಡಿದಿದ್ದಳು. ಊಟ ಸೇರದು, ನಿದ್ದೆ ಬಾರದು, ಯಾಕಾದರೂ ಬದುಕಿದ್ದೇನೋ ಎನ್ನುವ ಮಾತು ತಲೆಯಿಂದ ಇಳಿಯದು. ಅವ್ವ ವಿರೂಪಾಕ್ಷಮ್ಮ ಕೊಪ್ಪಳದ ಮಾನಸಿಕ ವೈದ್ಯರಿಗೆ ತೋರಿಸಿದಳು. ಗುಳಿಗೆ ನಾಟಿತು. ಆದರೆ ಬೇವೂರಿನಲ್ಲಿ ಅದನ್ನು ಹೇಳುವುದು ಹೇಗೆ? ಹುಲಿಗಿಗೆ ಹುಲಿಗೆಮ್ಮ ದೇವಿಯ ದರ್ಶನಕ್ಕೆ ಹೋಗುವವರೂ ಕೊಪ್ಪಳದಲ್ಲೇ ಬಸ್ಸು ಬದಲಿಸಬೇಕು. ಸುಳ್ಳಿಗೆ ಅದೇ ಅನುಕೂಲವಾಯಿತು. ಪ್ರತಿ ಹುಣ್ಣಿಮೆಗೆ ಹುಲಿಗಿಯ ನೆಪ. ಹೊಳಿಯಮ್ಮ ತನ್ನ ಹೆಸರಲ್ಲೂ ಒಂದು ಕಾಯಿ ಒಡೆಸಿಕೊಂಡು ಬಾ ಎಂದು ಕೊಟ್ಟರೆ, ಅವ್ವ ಅದನ್ನು ದವಾಖಾನೆಯ ಹೊರಗಿನ ಕಲ್ಲಿಗೆ ಒಡೆದು, ಅರಿಶಿನದ ಭಂಡಾರ ಹಚ್ಚಿ, ಪ್ರಸಾದವೆಂದು ತಂದುಕೊಡುತ್ತಿದ್ದಳು. ಹೊಳಿಯಮ್ಮ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಳು.

ಈ ಸಲ ಅವಳು ಕಾಯಿ ಕೊಡಲಿಲ್ಲ. ತಾವೂ ಜೊತೆಗೆ ಬರುತ್ತೇವೆ ಎಂದಳು. ಬಾಣಂತನಕ್ಕೆ ಬಂದಿದ್ದ ಮಗಳು ಸುಮಂಗಲಾ, ಕೂಸು ಅತ್ತರೂ ಗೋಡೆ ನೋಡುತ್ತ ಕೂತಿರುತ್ತಿದ್ದಳು. ದೊಡ್ಡ ದವಾಖಾನೆಗೆ ತೋರಿಸಿ ಎಂದು ಆಶಾ ಕಾರ್ಯಕರ್ತೆ ಹೇಳಿಹೋಗಿದ್ದಳು.

"ಡಾಕ್ಟರ್ ಯಾಕವ್ವ? ನಿಮ್ಮ ಅಮೃತಾ ಹೆಂಗಿದ್ದಾಕಿ ಹೆಂಗಾಗ್ಯಾಳ ನೋಡು. ತಾಯಿ ಹುಲಿಗೆಮ್ಮ ಕೈ ಹಿಡದ್ಲು. ನನ್ನ ಮಗಳಿಗೂ ಅಲ್ಲೇ ಛಲೋ ಆಗ್ತೈತಿ."

ಹೇಳಿಬಿಡೋಣ ಎಂದು ಅಮೃತಾ ಒಲೆಯ ಮುಂದೆ ಕೂತು ಕೇಳಿಕೊಂಡಾಗ, ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಹುಚ್ಚಿನ ಗುಳಿಗಿ ನುಂಗ್ತಾಳ ಅಂತ ಒಬ್ಬರ ಬಾಯಿಗೆ ಬಿದ್ರ ಮುಗೀತು. ನಾಳೆ ನಿನ್ನ ನೋಡಾಕ ಯಾರ್ ಬರ್ತಾರ? ಅವರಿಗೂ ತಾಯಿ ಅದಾಳ, ಸುಮ್ನಿರು."

ಅವ್ವನದು ಪೂರಾ ತಪ್ಪೆಂದೂ ಅನಿಸಲಿಲ್ಲ, ಸರಿ ಎನ್ನಲೂ ಮನಸ್ಸು ಒಪ್ಪಲಿಲ್ಲ. ತಾನು ಸುಧಾರಿಸಿದ್ದು ಗುಳಿಗೆಯಿಂದಲೋ, ಅವ್ವ ಒಳಗೊಳಗೇ ಹೊತ್ತ ಹರಕೆಯಿಂದಲೋ? ನಡುವೆ ಗುಳಿಗೆ ಬಿಟ್ಟಾಗ ಮತ್ತೆ ಕತ್ತಲು ಕವಿದದ್ದಂತೂ ಅವಳಿಗೆ ನೆನಪಿತ್ತು.

ಬಸ್ಸಿನಲ್ಲಿ ಸುಮಂಗಲಾ ಪಕ್ಕಕ್ಕೆ ಕೂತು ಕೂಸನ್ನು ಅಮೃತಾಳ ತೊಡೆಗೆ ಹಾಕಿದಳು. ಆಮೇಲೆ ಕಿಟಕಿಯ ಕಡೆಗೇ ನೋಡುತ್ತ ಅಂದಳು: "ಕೂಸು ಅತ್ತರ ನನಗೇನೂ ಅನಸವಲ್ದು, ಅಮೃತಾ. ಬಾವಿ ಕಡೆ ಹೋಗಾಕ ನನಗ ನಂದ ಅಂಜಿಕಿ ಆಗ್ತೈತಿ."

ಇದೇ ಅಂಜಿಕೆ ತನಗೂ ಇತ್ತು ಎಂದು ಹೇಳಹೊರಟ ಅಮೃತಾ, ಮುಂದಿನ ಸೀಟಿನಲ್ಲಿದ್ದ ಅವ್ವನನ್ನು ನೋಡಿ, ಕೂಸಿನ ಕುಂಚಿಗೆ ಸರಿಮಾಡಿದಳು.

ಕೊಪ್ಪಳದಲ್ಲಿ ಇಳಿದದ್ದೇ ಹೊಳಿಯಮ್ಮ ಚೀಲ ಬಗಲಿಗೆ ಸಿಕ್ಕಿಸಿಕೊಂಡು, "ಹುಲಿಗಿ ಬಸ್ ಎಲ್ಲಿ ನಿಲ್ತೈತ್ಯವ್ವ? ನಿಮಗ ದಾರಿ ಬಾಯಿಪಾಠ ಆಗಿರಬೇಕಲ್ಲ" ಎಂದು ನಕ್ಕಳು. ಅವ್ವ ಕಂಡಕಂಡ ಬೋರ್ಡು ಓದುವವಳಂತೆ ಮುಖ ತಿರುಗಿಸಿ, ಅಮೃತಾಳ ಮೊಣಕೈ ಚಿವುಟಿದಳು. ಆಚೆ ಕಂಡಕ್ಟರ್ ಹುಲಿಗಿ, ಹುಲಿಗಿ ಎಂದು ಕೂಗುತ್ತಿದ್ದ. ಹೊಳಿಯಮ್ಮ ಮಗಳ ಕೈ ಹಿಡಿದು ಅತ್ತ ಹೊರಟೇಬಿಟ್ಟಳು. ಸುಮಂಗಲಾ ಎಳೆದತ್ತ ನಡೆದಳು.

ಕೂಸನ್ನು ಎದೆಗವಚಿಕೊಂಡ ಅಮೃತಾ ನಿಂತಲ್ಲಿಂದ ಕದಲಲಿಲ್ಲ. ಆ ಗದ್ದಲದಲ್ಲೂ ಕೇಳಿಸುವಂತೆ ಕೂಗಿದಳು.

"ಅತ್ತಿ, ನಿಲ್ರಿ. ನನಗ ಮನಸಿನ ಜಡ್ಡು ಐತ್ರಿ. ಇದ ಊರಾಗಿನ ಡಾಕ್ಟರ್ ಕಡೆ ತೋರಿಸ್ಕೊಂಡ ನಾ ಆರಾಮಾಗೇನ್ರಿ."