ಬಿಚ್ಚದ ಮಡಿಲು

"ಇನ್ನೊಂದು ಸುತ್ತು ಬಿಗಿಯಾಗಿ ಎಳೀರಮ್ಮ, ನೆರಿಗೆ ಜಾರ್ತೈತೆ," ಎಂದು ತಂಗಿ ಓಬಳಮ್ಮನ ಹೆಣಕ್ಕೆ ಸೀರೆ ಉಡಿಸುತ್ತಲೇ ಗಂಗಲಕ್ಷ್ಮಮ್ಮ ಗದರಿದಳು. ತಲೆ ಎತ್ತಿ ಹಿಡಿದಿದ್ದವಳು ಕರಿಬಸಮ್ಮ. ಮುತ್ತೈದೆ ಸಾವು, ಮಡಿಲಕ್ಕಿ ಹಾಕಿಯೇ ಕಳಿಸಬೇಕು. ಕರಿಬಸಮ್ಮನೂ ಗಡಿಗೆ ಕೆರೆದು ಎರಡು ಹಿಡಿ ಅಕ್ಕಿ ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳು. ಹಾಕಲು ಬಿಡುತ್ತಾರೋ ಇಲ್ಲವೋ ಎಂಬುದೇ ಅವಳ ಹೊಯ್ದಾಟ.

"ನೀನೂ ಅಕ್ಕಿ ತಂದಿದ್ದೀಯೇನೆ?" ಗಂಗಲಕ್ಷ್ಮಮ್ಮ ಕಣ್ಣಲ್ಲೇ ಸುಟ್ಟಳು. "ಅವಳ ಅನ್ನ ಕಿತ್ಕೊಂಡೋಳು, ಈಗ ಅಕ್ಕಿ ಹಾಕಾಕೆ ಬಂದವ್ಳೆ!"

"ಬೈಯಕ್ಕ, ಬೈಸ್ಕೊಳ್ಳಾಕೇ ಬಂದಿವ್ನಿ. ಆದ್ರೆ ಒಂದು ಹಿಡಿ ಹಾಕಾಕೆ ಬುಡು."

ಗಂಗಲಕ್ಷ್ಮಮ್ಮ ಮುಖ ತಿರುಗಿಸಿ ನೆರಿಗೆ ಸಿಕ್ಕಿಸತೊಡಗಿದಳು.

*

ಮಧುಗಿರಿಯ ಕಡಲೆಕಾಯಿ ಮಂಡಿಯಲ್ಲಿ ನಲವತ್ತು ಹೆಂಗಸರು ಕಾಯಿ ಸುಲಿಯುತ್ತಿದ್ದರು. ಸಂಜೆ ಬಾಗಿಲಲ್ಲಿ ಮೇಸ್ತ್ರಿ ಶಂಕರಲಿಂಗಪ್ಪನ ಎದುರು ಸಾಲಾಗಿ ನಿಂತು, ಸೊಂಟಕ್ಕೆ ಸಿಕ್ಕಿಸಿದ ಮಡಿಲು ಬಿಚ್ಚಿ ಕೊಡವಬೇಕು. ಒಂದು ಬೀಜ ಉದುರಿದರೂ ದಿನದ ಕೂಲಿ ಇಲ್ಲ. ಕೊಡವಿದ್ದು ಸಾಲದೆಂದು ಅವನ ಕೈಯೂ ಹುಡುಕುತ್ತಿತ್ತು. ಆ ಹಾಳು ಕೈಗೆ ಬೇಕಾದದ್ದು ಕಡಲೆಬೀಜವೊಂದೇ ಏನು? ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಶುರುವಾದ ಮರುವರ್ಷ, ಆ ಕೈ ಕರಿಬಸಮ್ಮನ ಮಡಿಲಿಗೆ ಹೋದ ಸಂಜೆ, ಹಿಂದೆ ನಿಂತಿದ್ದ ಓಬಳಮ್ಮ ಅದನ್ನು ತಳ್ಳಿಬಿಟ್ಟಳು. "ಇನ್ಮ್ಯಾಕೆ ಯಾರೂ ಬಿಚ್ಚಾಕಿಲ್ಲ ಕಣಯ್ಯ. ಏನ್ ಮಾಡ್ಕೋತೀಯೋ ಮಾಡ್ಕೋ," ಎಂದು ಬಾಗಿಲಲ್ಲೇ ಕೂತಳು. ನಲವತ್ತೂ ಜನ ಕೂತರು. ಸುದ್ದಿ ಹಬ್ಬಿ ಶಿರಾದ ಮಂಡಿಯ ಹೆಂಗಸರೂ ಕೆಲಸ ಬಿಟ್ಟು ಕೂತರಂತೆ. ಇವರ ಮುಖ ಕಂಡವರಲ್ಲ, ಹೆಸರು ಕೇಳಿದವರಲ್ಲ!

ಐದನೇ ದಿನ, ಮಗುವಿನ ಹಸಿವು ನೋಡಲಾರದೆ ಮೊದಲು ಎದ್ದು ಹೋಗಿ ಮಡಿಲು ಬಿಚ್ಚಿದವಳು ಕರಿಬಸಮ್ಮನೇ. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಓಬಳಮ್ಮ ಬಿಚ್ಚಲಿಲ್ಲ. ಆಮೇಲೆ ಮೂರು ವರ್ಷ ಸೌದೆ ಹೊತ್ತೇ ಸವೆದಳು. ನಿನ್ನೆ ಹೊರೆಯ ಜೊತೆಗೇ ಬಿದ್ದವಳು ಏಳಲಿಲ್ಲ. ದಾರಿಯಲ್ಲಿ ಸಿಕ್ಕಾಗೆಲ್ಲ, "ಮಗ ಹೆಂಗವ್ನೆ ಕರಿಬಸಿ?" ಎಂದಷ್ಟೇ ಕೇಳುತ್ತಿದ್ದಳು. ಒಂದು ಸಲ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

*

"ಹೊತ್ತಾಯ್ತು, ಬನ್ರೇ," ಎಂದು ಗಂಗಲಕ್ಷ್ಮಮ್ಮ ಮಂಡಿಯ ಹೆಂಗಸರನ್ನು ಕರೆದಳು. ಆಮೇಲೆ ಕರಿಬಸಮ್ಮನತ್ತ ತಿರುಗಿದಳು. "ನೀನೇ ಮೊದ್ಲು ಹಾಕಮ್ಮ. ಬಿಚ್ಚೋದ್ರಾಗೂ ನೀನೇ ಮೊದ್ಲಲ್ವಾ."

ಚುಚ್ಚಿದರೂ ಸರಿ, ಹಾಕು ಅಂದಳಲ್ಲ. ಕರಿಬಸಮ್ಮ ಕಣ್ಣೊರೆಸಿಕೊಂಡು ಮುಂದೆ ನಿಂತಳು. ಅವಳ ಹಿಂದೆ ಅಕ್ಕಿ ಕಟ್ಟಿಕೊಂಡ ಹೆಂಗಸರು ಅಂಗಳದಲ್ಲಿ ಸಾಲಾದರು.

ಬಾಗಿಲಲ್ಲಿ ಕೆಮ್ಮಿದ ಸದ್ದು. ಶಂಕರಲಿಂಗಪ್ಪ!

"ಎಲ್ರೂ ಇಲ್ಲೇ ಕುಂತಿದ್ದೀರೇನ್ರೇ? ಮಂಡಿ ತೆಗೆದು ಎಷ್ಟೊತ್ತಾಯ್ತು! ನಡೀರಿ, ಸಾಲಾಗಿ ಬರ್ರಿ."

ಯಾರೂ ಯೋಚಿಸಲಿಲ್ಲ. ಆ ದನಿ ಕೇಳಿದ್ದೇ ತಡ, ಸಾಲಿಗೆ ಸಾಲೇ ಮಡಿಲು ಬಿಚ್ಚಿ ಕೊಡವಿತು. ಎಲ್ಲರಿಗಿಂತ ಮೊದಲು ಕರಿಬಸಮ್ಮ. ಅಕ್ಕಿಯೆಲ್ಲ ಮಣ್ಣುಪಾಲಾಯಿತು.

"ಅಯ್ಯೋ, ನಮ್ಮ ಕೈಗಿಷ್ಟು ಬೆಂಕಿ ಬೀಳ!" ಎಂದು ಯಾರೋ ಗೋಳೋ ಎಂದು ಅತ್ತರು. ಮೇಸ್ತ್ರಿ ನಿಂತೇ ಇದ್ದ.

ಕರಿಬಸಮ್ಮ ಮಂಡಿಯೂರಿ ಕೂತು, ಮಣ್ಣು ಸಮೇತ ಅಕ್ಕಿ ಬಳಿದು ಓಬಳಮ್ಮನ ಮಡಿಲಿಗೆ ಸುರಿದಳು. ಸೆರಗು ಎಳೆದು ಗಂಟು ಹಾಕಿದಳು. ಸಾಲದೆನಿಸಿ ಅದರ ಮೇಲೊಂದು, ಮತ್ತೂ ಒಂದು. ಕರಿಬಸಮ್ಮನ ಮಡಿಲು ಮಾತ್ರ ಬಿಚ್ಚಿದ್ದು ಬಿಚ್ಚಿದಂತೆಯೇ ನೆಲಕ್ಕೆ ಜೋತುಬಿದ್ದಿತ್ತು.